ಟರ್ಮಿನಲ್‌ನಲ್ಲೇ ಒಂದು ಸಾಲಿನ ಟಿಪ್ಪಣಿ

ಸಿಂಧನೂರಿನ ಮನೆಯಲ್ಲಿ ಕೂತು ಲಿನಕ್ಸ್ ಕಲಿಯುತ್ತಿದ್ದೇನೆ. ಅಭ್ಯಾಸದ ನಡುವೆ ಅಪ್ಪ ಹೊಲದಿಂದ ಫೋನ್ ಮಾಡುತ್ತಾರೆ: "ಗುರುವಾರ ಕಾಲುವೆ ನೀರು ನಮ್ಮ ಪಾಳಿಗೆ ಬರ್ತೈತಿ, ಬರ್ಕೋ." ಕೈ ಹೇಗೂ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮೇಲೇ ಇರುತ್ತದೆ. ಅಲ್ಲೇ ಬರೆದುಕೊಂಡರಾಯ್ತು, ಅಲ್ವಾ?

ಇಲ್ಲಿ ಕಮಾಂಡ್‌ಗಳ ಹೆಸರು ಕನ್ನಡದಲ್ಲಿದೆ. ಟೈಪ್ ಮಾಡುವಾಗ ಆ ಹೆಸರುಗಳಿಗೆ ಇಂಗ್ಲಿಷ್ ಅಕ್ಷರ ಬಳಸಿ: echo, date, grep.

ಎಕೋ "ಗುರುವಾರ ನೀರು" >> ಟಿಪ್ಪಣಿ

ಎಕೋ ಕೊಟ್ಟ ಮಾತನ್ನು ಹಾಗೇ ಹೊರಹಾಕುತ್ತದೆ. >> ಗುರುತು ಅದನ್ನು ಟಿಪ್ಪಣಿ ಎಂಬ ಫೈಲಿನ ಕೊನೆಗೆ ಸೇರಿಸುತ್ತದೆ. ಫೈಲ್ ಇಲ್ಲದಿದ್ದರೆ ಹೊಸದಾಗಿ ಹುಟ್ಟುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಅವಸರದಲ್ಲಿ ಒಂದೇ > ಹಾಕಿದರೆ ಶೆಲ್ (ನಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಮೊದಲು ಫೈಲನ್ನು ಪೂರ್ತಿ ಖಾಲಿ ಮಾಡುತ್ತದೆ, ಆಮೇಲೆ ಹೊಸ ಸಾಲು ಬರೆಯುತ್ತದೆ. ನನ್ನ ಮೂರು ತಿಂಗಳ ಟಿಪ್ಪಣಿ ಹೀಗೇ ಹೋಯಿತು. ಗೊಬ್ಬರದ ಬಾಕಿ ಲೆಕ್ಕವೂ ಅದರಲ್ಲೇ ಇತ್ತು, ತುಂಬಾ ಬೇಜಾರಾಯಿತು. ಬ್ಯಾಶ್ ಎಂಬ ಶೆಲ್‌ನಲ್ಲಿ 'ಸೆಟ್ -ಓ ನೋಕ್ಲಾಬರ್' (set -o noclobber) ಎಂದು ಕೊಟ್ಟರೆ, ಇರುವ ಫೈಲಿನ ಮೇಲೆ > ಬರೆಯಲು ಶೆಲ್ ಒಪ್ಪುವುದಿಲ್ಲ. >> ಮಾತ್ರ ಎಂದಿನಂತೆ ನಡೆಯುತ್ತದೆ. ಟರ್ಮಿನಲ್ ತೆರೆದಾಗ ಬ್ಯಾಶ್ ಓದುವ ಬ್ಯಾಶ್‌ಆರ್‌ಸಿ (.bashrc) ಫೈಲಿನಲ್ಲಿ ಇದನ್ನು ಇವತ್ತೇ ಸೇರಿಸಿ.

ಅದೇ ಫೈಲಿನಲ್ಲಿ ಒಂದಕ್ಷರದ ಹೆಸರಿನ ಚಿಕ್ಕ ಫಂಕ್ಷನ್ (ನಾವೇ ಹೆಸರಿಟ್ಟು ಮಾಡಿಕೊಳ್ಳುವ ಕಮಾಂಡ್) ಬರೆದರೆ ಟೈಪ್ ಮಾಡುವುದು ಇನ್ನೂ ಕಡಿಮೆ. ಒಳಗೆ ಮೊದಲು ಎಕೋ, ಆಮೇಲೆ "$(ಡೇಟ್) $*", ಕೊನೆಗೆ ಟಿಪ್ಪಣಿ ಫೈಲಿನ ಹೆಸರಿನ ಜೊತೆ >>. ಹೆಸರಿನ ಮುಂದೆ ನೀವು ಟೈಪ್ ಮಾಡಿದ ಪದಗಳೆಲ್ಲ $* ಒಳಗೆ ಬಂದು ಕೂರುತ್ತವೆ. $(ಡೇಟ್) ಇರುವುದರಿಂದ ಪ್ರತಿ ಸಾಲಿಗೂ ತಾರೀಖು ತಾನಾಗಿ ಬೀಳುತ್ತದೆ.

ಫೈಲಿನಲ್ಲಿ ಪದ ಹುಡುಕಲು ಗ್ರೆಪ್ ಕಮಾಂಡ್ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಕೇಂದ್ರದಲ್ಲಿ ಕೆನ್ ಥಾಂಪ್ಸನ್ ಬರೆದದ್ದು, 1973ರಷ್ಟು ಹಳೆಯದು. ಕನ್ನಡವನ್ನೂ ಚೆನ್ನಾಗಿ ಹುಡುಕುತ್ತದೆ. ಆದರೆ 'ನೀರು' ಎಂದು ಹುಡುಕಿದರೆ 'ನೀರಿನ ಪಾಳಿ' ಎಂಬ ಸಾಲು ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿ ಸೇರಿದಾಗ ಪದದ ಕೊನೆ ಬದಲಾಗುತ್ತದೆ, ಗ್ರೆಪ್‌ಗೆ ವ್ಯಾಕರಣ ಗೊತ್ತಿಲ್ಲ. 'ನೀರ' ಎಂದು ಹುಡುಕಿ. ಕಂಪ್ಯೂಟರಿನಲ್ಲಿ 'ರು' ಒಂದೇ ಅಕ್ಷರವಲ್ಲ, ಮೊದಲು 'ರ', ಅದರ ಹಿಂದೆ ಕೊಂಬು ಬೇರೆಯಾಗಿ ಇರುತ್ತದೆ. ಹಾಗಾಗಿ 'ನೀರ' ಎಂದರೆ ನೀರು, ನೀರಿನ, ನೀರಿಗೆ ಎಲ್ಲವೂ ಸಿಗುತ್ತವೆ. ಕಾಲುವೆ, ಗದ್ದೆ ಥರದ ಪದಗಳಿಗೆ ಈ ತೊಂದರೆ ಇಲ್ಲ. ಕಾಲುವೆಗೆ, ಗದ್ದೆಯಲ್ಲಿ ಎಂದು ಬರೆದರೂ ಮೂಲ ಪದ ಹಾಗೇ ಉಳಿಯುತ್ತದೆ.