ಸ್ಟೇಲ್ ಪುಟ: ಸೈಟ್ ಬದಲಾದರೂ ಪ್ರಾಕ್ಸಿ ಹಳೆಯದನ್ನೇ ಕೊಡುವುದೇಕೆ?

ಸೈಟ್‌ನಲ್ಲಿ ಪುಟ ಬದಲಾಗಿದೆ. ಮೊಬೈಲ್ ಡೇಟಾದಲ್ಲಿ ನೋಡಿದರೆ ಹೊಸದು, ಆಫೀಸಿನ ನೆಟ್‌ನಲ್ಲಿ ನೋಡಿದರೆ ಹಳೆಯದು. ಹೀಗಾದಾಗ ನಿಮಗೂ ಸೈಟಿಗೂ ನಡುವೆ ಒಂದು ಕ್ಯಾಶಿಂಗ್ ಪ್ರಾಕ್ಸಿ (ಪುಟಗಳನ್ನು ತಂದುಕೊಡುವ ಮಧ್ಯವರ್ತಿ ಸರ್ವರ್) ಇದೆಯಾ ಅಂತ ಮೊದಲು ನೋಡಬೇಕು. ಒಬ್ಬರು ತೆರೆದ ಪುಟದ ಪ್ರತಿಯನ್ನು ಅದು ಇಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ಕೊಡುತ್ತದೆ. ಸಮಯವೂ ಉಳಿಯುತ್ತದೆ, ಡೇಟಾವೂ ಉಳಿಯುತ್ತದೆ.

ಪ್ರತಿಯ ಅವಧಿ ಮುಗಿಯುವವರೆಗೆ ಅದು ‘ಫ್ರೆಶ್’ (ತಾಜಾ), ಮುಗಿದ ಮೇಲೆ ‘ಸ್ಟೇಲ್’ (ಹಳಸಿದ್ದು). ಇದು ಬರೀ ಸಮಯದ ಲೆಕ್ಕ. ಆ ಕಡೆ ಪುಟ ಬದಲಾಯಿತೋ ಇಲ್ಲವೋ ಪ್ರಾಕ್ಸಿಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ನಿಮಗೆ ಸಿಕ್ಕ ಹಳೆಯ ಪುಟ ಅದರ ಲೆಕ್ಕದಲ್ಲಿ ಎಷ್ಟೋ ಸಲ ಫ್ರೆಶ್ಶೇ ಆಗಿರುತ್ತದೆ!

ಅವಧಿ ಎಷ್ಟು ಅಂತ ಹೇಳಬೇಕಾದವರು ಸೈಟ್‌ನವರು. ‘ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್=600’ ಅಂತ ಪುಟದ ಜೊತೆ ಕಳಿಸಿದರೆ 600 ಸೆಕೆಂಡು, ಅಂದರೆ 10 ನಿಮಿಷ. ಏನೂ ಹೇಳದಿದ್ದರೆ ಪ್ರಾಕ್ಸಿ ತಾನೇ ಅಂದಾಜು ಮಾಡುತ್ತದೆ. ಜಾಸ್ತಿ ಬಳಕೆಯಲ್ಲಿರುವ ಸ್ಕ್ವಿಡ್ ಎಂಬ ಪ್ರಾಕ್ಸಿ ಸಾಫ್ಟ್‌ವೇರನ್ನೇ ನೋಡಿ. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ, ಪುಟ ಕೊನೆಗೆ ಬದಲಾಗಿ ಎಷ್ಟು ದಿನವಾಗಿದೆಯೋ ಅದರ 20% ಅವಧಿ, ಗರಿಷ್ಠ 4320 ನಿಮಿಷ, ಅಂದರೆ 3 ದಿನ. 10 ದಿನದಿಂದ ಹಾಗೇ ಇದ್ದ ಪುಟಕ್ಕೆ 2 ದಿನ ಸಿಗುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದ ಪುಟವನ್ನು ಇವತ್ತು ತಿದ್ದಿದರೆ, ನಿನ್ನೆ ಪ್ರತಿ ಪಡೆದ ಪ್ರಾಕ್ಸಿ ಇನ್ನೆರಡು ದಿನ ಹಳೆಯದನ್ನೇ ಕೊಡಬಹುದು. ಸುಮ್ನೆ ಪ್ರಾಕ್ಸಿಯನ್ನು ಬೈದು ಪ್ರಯೋಜನವಿಲ್ಲ, ಅಲ್ವಾ?

ಓದುಗರು ಕಂಟ್ರೋಲ್ ಜೊತೆ ಎಫ್5 ಒತ್ತಿ ನೋಡಬಹುದು. ಆಗ ಬ್ರೌಸರ್ ‘ನೋ-ಕ್ಯಾಶ್’ ಅಂತ ಸೇರಿಸಿ ಕೇಳುತ್ತದೆ, ಪ್ರಾಕ್ಸಿ ಮೂಲ ಸರ್ವರನ್ನು ವಿಚಾರಿಸಬೇಕು. ಆದರೆ ಇದನ್ನು ಕಡೆಗಣಿಸುವಂತೆ ಪ್ರಾಕ್ಸಿಯನ್ನು ಸೆಟ್ ಮಾಡಿಡಲೂಬಹುದು. ಉತ್ತರದ ಜೊತೆ ಬರುವ ಮಾಹಿತಿ ಸಾಲುಗಳಾದ ಹೆಡರ್‌ಗಳಲ್ಲಿ ‘ಏಜ್: 7200’ ಅಂತ ಕಂಡರೆ, ಆ ಪ್ರತಿಗೆ ಸುಮಾರು 2 ಗಂಟೆ ವಯಸ್ಸಾಗಿದೆ ಎಂದರ್ಥ.

ನಿಜವಾದ ಪರಿಹಾರ ಸೈಟ್‌ನವರ ಕೈಯಲ್ಲೇ ಇದೆ. ಆಗಾಗ ಬದಲಾಗುವ ಪುಟಕ್ಕೆ ‘ನೋ-ಕ್ಯಾಶ್’ ಹಾಕಿ, ಜೊತೆಗೆ ಇ-ಟ್ಯಾಗ್ (ಪುಟದ ಆವೃತ್ತಿಯ ಗುರುತು) ಕೊಡಿ. ನೋ-ಕ್ಯಾಶ್ ಅಂದರೆ ಇಟ್ಟುಕೊಳ್ಳಲೇಬೇಡ ಅಂತಲ್ಲ, ಕೊಡುವ ಮುಂಚೆ ಪ್ರತಿ ಸಲ ಕೇಳು ಅಂತ. ಇಟ್ಟುಕೊಳ್ಳಲೇಬೇಡ ಅನ್ನಲು ‘ನೋ-ಸ್ಟೋರ್’ ಬೇರೆ ಇದೆ. ಪುಟ ಬದಲಾಗಿರದಿದ್ದರೆ ಸರ್ವರ್ ಬರೀ 304 ಎಂದು ಉತ್ತರಿಸುತ್ತದೆ, ಪುಟವನ್ನು ಮತ್ತೆ ಕಳಿಸುವ ಖರ್ಚಿಲ್ಲ. ಚಿತ್ರ, ಸಿಎಸ್ಎಸ್ (ಪುಟದ ವಿನ್ಯಾಸದ) ಫೈಲುಗಳಿಗೆ ಒಂದು ವರ್ಷದ ಅವಧಿಯನ್ನೇ ಕೊಡಿ, ಬದಲಾಯಿಸಿದಾಗ ಫೈಲಿನ ಹೆಸರನ್ನೂ ಬದಲಾಯಿಸಿ. ಹೊಸ ಹೆಸರಿನ ಹಳೆಯ ಪ್ರತಿ ಯಾರ ಹತ್ತಿರವೂ ಇರುವುದಿಲ್ಲ.

ಈಗ ಹೆಚ್ಚಿನ ಸೈಟ್‌ಗಳು ಎಚ್‌ಟಿಟಿಪಿಎಸ್‌ನಲ್ಲಿವೆ. ಅಂದರೆ ಪುಟ ಗೂಢಲಿಪಿಯಲ್ಲಿ ಬರುತ್ತದೆ. ಆ ಗೂಢಲಿಪಿಯನ್ನು ನಡುವೆ ಬಿಡಿಸಿ ನೋಡುವ ವ್ಯವಸ್ಥೆ ಇಲ್ಲದಿದ್ದರೆ ಆಫೀಸಿನ ಪ್ರಾಕ್ಸಿಗೆ ಪುಟ ಕಾಣುವುದೇ ಇಲ್ಲ. ಹಳೆಯ ಪ್ರತಿ ಈಗ ಜಾಸ್ತಿ ಉಳಿಯುವುದು ಸೈಟ್‌ನವರೇ ಆರಿಸಿಕೊಂಡ, ಪುಟದ ಪ್ರತಿಗಳನ್ನು ಹಲವು ಊರುಗಳ ಸರ್ವರ್‌ಗಳಲ್ಲಿ ಇಟ್ಟು ಕೊಡುವ ಸಿಡಿಎನ್‌ನಲ್ಲಿ. ಅಲ್ಲಿ ಪ್ರತಿಯನ್ನು ಅಳಿಸಲು ‘ಪರ್ಜ್’ ಸೌಲಭ್ಯ ಇರುತ್ತದೆ. ಬೇರೆಯವರ ಪ್ರಾಕ್ಸಿಗೆ, ಓದುಗರ ಬ್ರೌಸರಿಗೆ ಆಗಲೇ ಹೋದ ಪ್ರತಿಯನ್ನು ಮಾತ್ರ ಹೀಗೆ ಅಳಿಸಲಾಗದು, ಅವಧಿ ಮುಗಿಯುವವರೆಗೆ ಕಾಯಬೇಕು.