ಕಾಮನ ಹುಣ್ಣಿಮೆಯ ಬೆಳಕು ಮತ್ತು ನಮ್ಮ ನಿದ್ದೆ

ಉತ್ತರ ಕರ್ನಾಟಕದ ಊರುಗಳಲ್ಲಿ ಕಾಮನ ಹುಣ್ಣಿಮೆಗೆ ಕೆಲವು ದಿನ ಮೊದಲೇ ಹಲಗೆಯ ಸದ್ದು ಕೇಳತೊಡಗುತ್ತದೆ. ಹುಡುಗರು ಕಟ್ಟಿಗೆ, ಕುಳ್ಳು ಕೂಡಿಸುತ್ತಾ ಬಹಳ ಹೊತ್ತು ಎಚ್ಚರವಾಗಿರುತ್ತಾರೆ. ಇದು ಹಬ್ಬದ ಹುಮ್ಮಸ್ಸು ನಿಜ, ಆದರೆ ಅದರ ಜೊತೆಗೆ ಆಕಾಶದ ಲೆಕ್ಕವೂ ಒಂದಿದೆ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಸೂರ್ಯ ಮುಳುಗುವ ಹೊತ್ತಿಗಾಗಲೇ ಚಂದ್ರ ಮೇಲೇರಿರುವುದರಿಂದ ಸಂಜೆಗೆ ಬೆಳದಿಂಗಳು ಸಿಗುತ್ತದೆ. ಹುಣ್ಣಿಮೆ ಕಳೆದ ಮೇಲೆ ಅವನು ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮೂಡುವುದರಿಂದ ಮುಸ್ಸಂಜೆಯ ಬೆನ್ನಿಗೇ ಕತ್ತಲು ಕವಿಯುತ್ತದೆ.

ಈ ಲೆಕ್ಕ ನಿದ್ದೆಯಲ್ಲೂ ಕಾಣುತ್ತದೆ. ಅರ್ಜೆಂಟೀನಾದ ತೋಬಾ ಮೂಲನಿವಾಸಿಗಳ ಮೂರು ನೆಲೆಗಳಲ್ಲಿ ಜನರ ಮಣಿಕಟ್ಟಿಗೆ ಚಲನೆ ದಾಖಲಿಸುವ ಸಾಧನ ಕಟ್ಟಿ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹುಣ್ಣಿಮೆಗೆ 3ರಿಂದ 5 ದಿನ ಮೊದಲಿನ ರಾತ್ರಿಗಳಲ್ಲಿ ಅವರು ಅತ್ಯಂತ ತಡವಾಗಿ ಮಲಗಿ, ಅತ್ಯಂತ ಕಡಿಮೆ ನಿದ್ರಿಸುತ್ತಿದ್ದರು. ಅಮೆರಿಕದ ಸಿಯಾಟಲ್ ನಗರದ ವಿದ್ಯಾರ್ಥಿಗಳಲ್ಲೂ ಇದೇ ಏರಿಳಿತ ಕಂಡಿತು. ದೀಪಗಳಿಂದ ತುಂಬಿದ ನಗರದಲ್ಲೂ ಹೀಗೇಕೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ಎರಡು ದಿನ ನಿದ್ದೆ ತುಸು ಹಿಂದೆಮುಂದೆ ಆದರೆ ಗಾಬರಿಯಾಗಬೇಕಿಲ್ಲ ಎಂಬುದಂತೂ ನನಗೆ ಇದರಿಂದ ಸಿಕ್ಕ ಸಮಾಧಾನ.

ಹಾಗೆ ನೋಡಿದರೆ ನಾವು ಎಚ್ಚರ ವಹಿಸಬೇಕಾದದ್ದು ಬೇರೊಂದು ಬೆಳಕಿನ ಬಗ್ಗೆ. ತುಂಬು ಚಂದ್ರನ ಬೆಳಕು ಸೂರ್ಯನದಕ್ಕಿಂತ ಸುಮಾರು 4 ಲಕ್ಷ ಪಟ್ಟು ಮಂದ. ಬೆಳಕಿನ ಅಳತೆಯ ಮಾನವಾದ ಲಕ್ಸ್‌ನಲ್ಲಿ ಹೇಳುವುದಾದರೆ ಕಾಲು ಲಕ್ಸ್ ಆದೀತು. ನಮ್ಮ ಹಜಾರದ ದೀಪ ಅದಕ್ಕಿಂತ ನೂರಾರು ಪಟ್ಟು ಪ್ರಖರ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕಿಂತ ಹೆಚ್ಚಾಗಿ ಹೊತ್ತು ತಿಳಿಯುವುದಕ್ಕೆಂದೇ ಇರುವ ಕೆಲವು ಕೋಶಗಳಿವೆ. ಅವು ವಿಶೇಷವಾಗಿ ನೀಲಿ ಬೆಳಕಿಗೆ ಸ್ಪಂದಿಸಿ, ಇನ್ನೂ ಹಗಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ; ಆಗ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುವುದು ತಡವಾಗುತ್ತದೆ. ಮಲಗುವ ಮುನ್ನ 200 ಲಕ್ಸ್‌ಗಿಂತ ಕಡಿಮೆ ಇರುವ ಸಾಮಾನ್ಯ ಕೋಣೆಯ ಬೆಳಕಿನಲ್ಲಿ ಕುಳಿತವರಿಗೆ, 3 ಲಕ್ಸ್‌ಗಿಂತ ಮಂದ ಬೆಳಕಿನಲ್ಲಿದ್ದಾಗಿನದಕ್ಕೆ ಹೋಲಿಸಿದರೆ, ಮೆಲಟೋನಿನ್‌ನ ಅವಧಿ ಸುಮಾರು 90 ನಿಮಿಷ ಕುಗ್ಗಿದ್ದನ್ನು 2011ರ ಪ್ರಯೋಗವೊಂದು ತೋರಿಸಿತು. ಮೊಬೈಲಿನ ಮಾತು ನಾವೆಲ್ಲ ಆಡುತ್ತೇವೆ. ತಲೆಯ ಮೇಲಿನ ಟ್ಯೂಬ್‌ಲೈಟನ್ನು ಮರೆಯುತ್ತೇವೆ.

ಫಾಲ್ಗುಣದ ಕೊನೆಗೆ ಸೆಕೆಯೂ ಬಂದು ಸೇರುತ್ತದೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ತಾಪ ತುಸು ಇಳಿಯಬೇಕು, ಮತ್ತು ಆ ಬಿಸಿಯಲ್ಲಿ ಬಹುಪಾಲು ಹೊರಗೆ ಹೋಗುವುದು ಅಂಗೈ, ಅಂಗಾಲುಗಳ ಹಿಗ್ಗಿದ ರಕ್ತನಾಳಗಳ ಮೂಲಕ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಬರುವುದು ಇದೇ ಕಾರಣಕ್ಕೆ. ಅಷ್ಟು ಆಗದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕಾಲು ಇಟ್ಟುಕೊಳ್ಳಬಹುದು. ವಸಂತದಲ್ಲಿ ಹಗಲು ನಿದ್ದೆ ಬೇಡವೆನ್ನುತ್ತದೆ ಆಯುರ್ವೇದದ ಋತುಚರ್ಯೆ. ಅದು ಕೊಡುವ ಕಾರಣ ಕಫ. ಮಧ್ಯಾಹ್ನದ ದೀರ್ಘ ನಿದ್ದೆ ರಾತ್ರಿಯ ನಿದ್ದೆಯ ಒತ್ತಡವನ್ನು, ಅಂದರೆ ನಿದ್ದೆಗೆಳೆಯುವ ದೇಹದ ಸೆಳೆತವನ್ನು, ಇಳಿಸಿಬಿಡುತ್ತದೆ ಎಂಬುದು ಇಂದಿನ ವಿಜ್ಞಾನದ ಮಾತು. ದಾರಿ ಬೇರೆಯಾದರೂ ಸಲಹೆ ಒಂದೇ.

ಈ ಹುಣ್ಣಿಮೆಗೆ ಊಟ ಮುಗಿಸಿ, ಮನೆಯ ದೀಪಗಳನ್ನು ಆರಿಸಿ, ಅರ್ಧ ಗಂಟೆ ಮಹಡಿಯ ಮೇಲೋ ಅಂಗಳದಲ್ಲೋ ಕುಳಿತು ನೋಡಿ. ಕಣ್ಣು ಕತ್ತಲಿಗೆ ಪೂರ್ಣ ಒಗ್ಗಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಮಂದ ಬೆಳಕಿನಲ್ಲಿ ಮುಖ್ಯವಾಗಿ ದುಡಿಯುವ ಕಂಬಿಕೋಶಗಳಿಗೆ ಬಣ್ಣ ತಿಳಿಯದು. ಹಗಲಲ್ಲಿ ತಾಮ್ರದಂತೆ ಹೊಳೆದ ಅರಳಿಯ ಚಿಗುರು ಆಗ ಬರೀ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದರ ಕೆಂಪು ಮರಳಿ ಕಾಣುವುದು ಮರುದಿನ ಬೆಳಿಗ್ಗೆ, ಬೀದಿಯ ಓಕುಳಿಯ ಜೊತೆಗೆ.