ಟಿಬಿ ಬ್ಯಾಕ್ಟೀರಿಯಾ ಗುಂಪು ಕಟ್ಟಿದಾಗ

ಟಿಬಿ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು 20 ಗಂಟೆ ಹಿಡಿಯುತ್ತದೆ. ನಮ್ಮ ಕರುಳಿನ ಇ. ಕೋಲೈಗೆ ಎಲ್ಲ ಅನುಕೂಲವಾಗಿದ್ದರೆ 20 ನಿಮಿಷ ಸಾಕು. ಈ ನಿಧಾನ ಜೀವಿಗೆ ಒಂಟಿಯಾಗಿ ತೇಲುವುದು ಒಗ್ಗುವುದಿಲ್ಲ. ಅಲುಗಿಸದೆ ಸುಮ್ನೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ದ್ರವದ ಮೇಲೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ ದಪ್ಪ ಪದರ ಕಟ್ಟುತ್ತದೆ. ಅದೇ ಬಯೋಫಿಲ್ಮ್.

ಲ್ಯಾಬ್‌ನಲ್ಲಿ ಇದೊಂದು ಕಾಟ. ಗಂಟುಗಂಟಾದ ಬ್ಯಾಕ್ಟೀರಿಯಾವನ್ನು ಎಣಿಸುವುದು ಹೇಗೆ? ಹಾಗಾಗಿ 1940ರ ದಶಕದಿಂದ ಟ್ವೀನ್-80 ಎಂಬ ಡಿಟರ್ಜೆಂಟ್ ಬೆರೆಸಿ, ಅವನ್ನು ಬಿಡಿಬಿಡಿಯಾಗಿ ಬೆಳೆಸುವ ರೂಢಿ ಬಂತು. ಅಂದರೆ ದಶಕಗಳ ಕಾಲ ಹೆಚ್ಚಾಗಿ ಅಧ್ಯಯನವಾದದ್ದು ಬಲವಂತವಾಗಿ ಬೇರೆ ಮಾಡಿದ ಬ್ಯಾಕ್ಟೀರಿಯಾ. ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ. ಯಾಕೆಂದರೆ ಔಷಧವನ್ನು ತಾಳಿಕೊಳ್ಳುವ ಶಕ್ತಿ ಗುಂಪಿನಲ್ಲೇ ಜಾಸ್ತಿ.

ಗುಂಪು ಸೇರಿದರೆ ಡಿಎನ್‌ಎ ಬದಲಾಗುವುದಿಲ್ಲ. 1998ರಲ್ಲಿ ಟಿಬಿ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಇಡೀ ಡಿಎನ್‌ಎ, ಪೂರ್ತಿ ಓದಿದಾಗ ಸಿಕ್ಕಿದ್ದು ಸುಮಾರು 4,000 ಜೀನ್. ಎಲ್ಲವೂ ಎಲ್ಲ ಹೊತ್ತೂ ಕೆಲಸ ಮಾಡುವುದಿಲ್ಲ. ಕೆಲಸಕ್ಕಿಳಿದ ಜೀನ್‌ನಿಂದ ಆರ್‌ಎನ್‌ಎ ಪ್ರತಿಗಳು ಹುಟ್ಟುತ್ತವೆ. ಆ ಪ್ರತಿಗಳನ್ನು ಅಳೆದರೆ ಯಾವ ಜೀನ್ ಚುರುಕಾಗಿದೆ, ಯಾವುದು ತಣ್ಣಗಿದೆ ಎಂದು ಗೊತ್ತಾಗುತ್ತದೆ.

ಬಯೋಫಿಲ್ಮ್‌ನಲ್ಲಿ ಅರ್ಧಕ್ಕರ್ಧ ಜೀನ್‌ಗಳ ಕೆಲಸವಾದರೂ ಬದಲಾಗಬೇಕು ಅಲ್ವಾ? 2016ರಲ್ಲಿ ಚಂಡೀಗಢದ ಇಮ್ಟೆಕ್ ಎಂಬ ಸೂಕ್ಷ್ಮಜೀವಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಡದ್ದು ಬೇರೆ. ಬ್ಯಾಕ್ಟೀರಿಯಾದ ಒಳಗಿನ ರಾಸಾಯನಿಕ ಸಮತೋಲ ಕೆಡಿಸಿ ಅವರು ಬಯೋಫಿಲ್ಮ್ ಕಟ್ಟಿಸಿದರು. ಕೆಲಸದ ಮಟ್ಟ ಬದಲಿಸಿದ್ದು ಸುಮಾರು 7% ಜೀನ್‌ಗಳು ಮಾತ್ರ. ಇನ್ನೂ ಅಚ್ಚರಿ ಏನೆಂದರೆ, ಆ ಬ್ಯಾಕ್ಟೀರಿಯಾಗಳು ನಿದ್ದೆಗೆ ಜಾರಿರಲಿಲ್ಲ. ಅವುಗಳ ಶಕ್ತಿಯ ಲೆಕ್ಕ ಮಾಮೂಲಿಯಂತೇ ಇತ್ತು. ಹೊಸ ಆರ್‌ಎನ್‌ಎ, ಹೊಸ ಪ್ರೋಟೀನ್ ತಯಾರಾಗದಂತೆ ತಡೆದರೆ ಪದರ ಕಟ್ಟುತ್ತಲೇ ಇರಲಿಲ್ಲ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಎಂದರೆ ಮಲಗಿದ ಬ್ಯಾಕ್ಟೀರಿಯಾ ಎಂದು ನಂಬಿದ್ದವರು ಇಲ್ಲಿ ನಿಂತು ಯೋಚಿಸಬೇಕು.

ಒಂದೇ ಜೀನ್ ಎಷ್ಟು ಮುಖ್ಯವಾಗಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆಯೂ ಇದೆ. ಟಿಬಿ ಬ್ಯಾಕ್ಟೀರಿಯಾದ ಹತ್ತಿರದ ನೆಂಟ ಸ್ಮೆಗ್ಮ್ಯಾಟಿಸ್ ಎಂಬ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಅಪಾಯವೂ ಕಡಿಮೆ. 2005ರಲ್ಲಿ ಬೇರೆ ವಿಜ್ಞಾನಿಗಳು ಇದರಿಂದ ಗ್ರೋಇಎಲ್1 ಎಂಬ ಜೀನ್ ತೆಗೆದು ನೋಡಿದರು. ಬಿಡಿಯಾಗಿ ಚೆನ್ನಾಗಿಯೇ ಬೆಳೆಯಿತು. ಆದರೆ ಬಲಿತ ಬಯೋಫಿಲ್ಮ್ ಕಟ್ಟಲು ಆಗಲಿಲ್ಲ. ಪದರಕ್ಕೆ ಬೇಕಾದ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ಕೊಬ್ಬಿನ ತಯಾರಿಯಲ್ಲಿ ಈ ಜೀನ್‌ನ ಪ್ರೋಟೀನಿಗೆ ಕೈ ಇದೆ. ಡಿಟರ್ಜೆಂಟ್ ಹಾಕಿ ಬೆಳೆಸಿದ್ದರೆ ಈ ಜೀನ್ ಕೆಲಸವೇ ಕಣ್ಣಿಗೆ ಬೀಳುತ್ತಿರಲಿಲ್ಲ.

ಇದೆಲ್ಲ ಗಾಜಿನ ಪಾತ್ರೆಯ ಮಾತಾಯಿತು. ಶ್ವಾಸಕೋಶದಲ್ಲೂ ಹೀಗೆಯೇ ಆಗುತ್ತದೆಯೇ ಎಂಬ ಅನುಮಾನ ಬಹಳ ಕಾಲ ಉಳಿದಿತ್ತು. 2021ರಲ್ಲಿ ಅದೇ ಚಂಡೀಗಢದ ತಂಡ ಸೋಂಕು ತಗುಲಿದ ಇಲಿ, ಮಂಗ ಮತ್ತು ಮನುಷ್ಯರ ಶ್ವಾಸಕೋಶದ ತುಣುಕುಗಳಲ್ಲಿ ಬಯೋಫಿಲ್ಮ್ ತೋರಿಸಿತು. ಅದನ್ನು ಹಿಡಿದಿಡುವ ವಸ್ತುಗಳಲ್ಲಿ ಗಿಡಗಳ ನಾರಿನಲ್ಲೂ ಇರುವ ಸೆಲ್ಯುಲೋಸ್ ಮುಖ್ಯವಾದದ್ದು. ಅದನ್ನು ಕತ್ತರಿಸುವ ಕಿಣ್ವವನ್ನು ಇಲಿಗಳಿಗೆ ಉಸಿರಿನ ಮೂಲಕ ಕೊಟ್ಟಾಗ ಟಿಬಿ ಔಷಧಗಳು ಇನ್ನಷ್ಟು ಚೆನ್ನಾಗಿ ಕೆಲಸ ಮಾಡಿದವು. ನಮ್ಮ ಜೀವಕೋಶಗಳಲ್ಲಿ ಸೆಲ್ಯುಲೋಸ್ ಇಲ್ಲ, ಹಾಗಾಗಿ ಆ ಕಿಣ್ವಕ್ಕೆ ಕತ್ತರಿಸಲು ನಮ್ಮದೇನೂ ಸಿಗದು. ಆದರೆ ಇಲಿಯಲ್ಲಿ ಫಲ ಕೊಟ್ಟಿತೆಂದು ರೋಗಿಗಳ ಆರು ತಿಂಗಳ ಮಾತ್ರೆಯನ್ನು ಈಗಲೇ ಕಡಿಮೆ ಮಾಡುವಂತಿಲ್ಲ.